ದೊಡ್ಡಮ್ಮ ಬಿಟ್ಟ ಚಿಕ್ಕ ಮಾತ್ರೆ

ತಮಿಳುನಾಡಿನ ಗಡಿಯ ತಾಳವಾಡಿಯ ನಮ್ಮ ದೊಡ್ಡಮ್ಮನಿಗೆ ಕ್ಷಯ ಬಂದಾಗ ಎರಡು ಬಗೆಯ ಮಾತ್ರೆ ಕೊಟ್ಟಿದ್ದರು. ದಪ್ಪನೆಯದನ್ನು ನುಂಗಿದರೆ ಮೂತ್ರವೂ ಕಿತ್ತಳೆ ಬಣ್ಣಕ್ಕೆ ತಿರುಗುತ್ತಿತ್ತು. ಅದನ್ನು ಒಂದು ದಿನವೂ ತಪ್ಪಿಸಲಿಲ್ಲ. ಚಿಕ್ಕದನ್ನು ಮಾತ್ರ "ಅದು ಸುಮ್ನೆ ಸತ್ತು ಮಾತ್ತಿರೆ ಕಣಪ್ಪ, ನಂಗ್ಯಾಕೆ" ಅಂತ ಡಬ್ಬಿಯಲ್ಲೇ ಬಿಟ್ಟರು. ನಮ್ಮ ಕಡೆ ವಿಟಮಿನ್ ಮಾತ್ರೆಗೆ ಈ ತಮಿಳು ಹೆಸರೇ ರೂಢಿ. ಎರಡು ತಿಂಗಳಾಗುವಷ್ಟರಲ್ಲಿ ಅಂಗಾಲು ಉರಿ ಶುರುವಾಯಿತು. ರಾತ್ರಿ ಹರಳೆಣ್ಣೆ ತಿಕ್ಕಿಸಿಕೊಂಡರೂ ನಿದ್ದೆ ಇಲ್ಲ. ಕಾಲು ಎಷ್ಟು ಜೋಮು ಹಿಡಿದಿತ್ತೆಂದರೆ, ಚಪ್ಪಲಿ ಕಳಚಿ ಹಿಂದೆ ಬಿದ್ದರೂ ಅವರಿಗೆ ಗೊತ್ತಾಗುತ್ತಿರಲಿಲ್ಲ.

ಇದಕ್ಕೆ ಕಾರಣ ಆ ದಪ್ಪ ಮಾತ್ರೆಯಲ್ಲಿದ್ದ ಐಸೋನಿಯಾಜಿಡ್ ಎಂಬ ಔಷಧಿ. 1952ರಿಂದ ಬಳಕೆಯಲ್ಲಿರುವ ಈ ಔಷಧಿ ಕ್ಷಯದ ರೋಗಾಣು ತನ್ನ ಮೇಣದಂಥ ಹೊರಗೋಡೆ ಕಟ್ಟಿಕೊಳ್ಳಲು ಬಿಡುವುದಿಲ್ಲ. ಇವತ್ತಿಗೂ ಇದನ್ನು ಬಿಟ್ಟು ಚಿಕಿತ್ಸೆ ಮಾಡುವುದು ಕಷ್ಟ. ಆದರೆ ನಮ್ಮ ಮೈಯಲ್ಲಿ ಇದು ಬಿ6 ವಿಟಮಿನ್‌ಗೆ ಕೈ ಹಾಕುತ್ತದೆ. ದೊಡ್ಡಮ್ಮ ಬಿಟ್ಟ ಚಿಕ್ಕ ಮಾತ್ರೆ ಇದೇ ಬಿ6. ಬಿ6 ಪಿರಿಡಾಕ್ಸಲ್ ಫಾಸ್ಫೇಟ್ ಆಗಿ ಬದಲಾದರೆ ಮಾತ್ರ ನರಗಳಿಗೆ ಉಪಯೋಗ. ಐಸೋನಿಯಾಜಿಡ್ ಬಿ6ಗೆ ಅಂಟಿಕೊಂಡು, ಅದನ್ನೂ ಕರೆದುಕೊಂಡು ಮೂತ್ರದಲ್ಲಿ ಹೊರಟುಹೋಗುತ್ತದೆ. ಸಾಲದ್ದಕ್ಕೆ, ಬಿ6 ಬದಲಾಯಿಸುವ ಕಿಣ್ವಕ್ಕೂ ಅಡ್ಡ ಬರುತ್ತದೆ. ನರಗಳು ಸೊರಗುತ್ತವೆ. ಸೊಂಟದಿಂದ ಕಾಲ್ಬೆರಳ ತುದಿಯವರೆಗೆ ಹೋಗುವ ಉದ್ದನೆಯ ನರಗಳಿಗೇ ಮೊದಲ ಪೆಟ್ಟು.

ಎಲ್ಲರಿಗೂ ಹೀಗಾಗುವುದಿಲ್ಲ. ಕೆಲವರ ಲಿವರ್ ಈ ಔಷಧಿಯನ್ನು ನಿಧಾನವಾಗಿ ಸಾಗಹಾಕುತ್ತದೆ, ಅದು ಹುಟ್ಟಿನಿಂದ ಬಂದದ್ದು. ಅಂಥವರಿಗೆ, ಸಕ್ಕರೆ ಕಾಯಿಲೆಯವರಿಗೆ, ಕುಡಿಯುವವರಿಗೆ, ಗರ್ಭಿಣಿಯರಿಗೆ, ಹೊಟ್ಟೆಗೆ ಸಾಲದವರಿಗೆ ಅಪಾಯ ಜಾಸ್ತಿ.

ಹಾಗಾದ್ರೆ ವಿಟಮಿನ್ ಕೊಟ್ಟರೆ ಔಷಧಿಯ ಬಲವೂ ಕುಗ್ಗಲ್ವಾ? ಡಾಕ್ಟರು ಬರೆದುಕೊಡುವ ಪ್ರಮಾಣದಲ್ಲಿ ಕುಗ್ಗುವುದಿಲ್ಲ. ರೋಗಾಣುವನ್ನು ಕೊಲ್ಲುವ ದಾರಿ ಬೇರೆ, ನರ ಕೆಡಿಸುವ ದಾರಿ ಬೇರೆ. ಒಂದನ್ನು ಮುಚ್ಚಿ ಇನ್ನೊಂದನ್ನು ತೆರೆದಿಡಬಹುದು ಅನ್ನುವುದೇ ನನಗೆ ಇದರಲ್ಲಿ ತುಂಬಾ ಇಷ್ಟವಾದ ವಿಷಯ. ದಿನಕ್ಕೆ ಬರೀ 6 ಮಿಲಿಗ್ರಾಂ ಬಿ6 ನರಗಳನ್ನು ಕಾಯುತ್ತದೆ ಅಂತ 1963ರಲ್ಲೇ ತೋರಿಸಿದ್ದು ನಮ್ಮ ಮದರಾಸಿನ ಕ್ಷಯ ಸಂಶೋಧನಾ ಕೇಂದ್ರ. ಈಗ ಸಾಮಾನ್ಯವಾಗಿ 10 ಮಿಲಿಗ್ರಾಂ ಕೊಡುತ್ತಾರೆ. ಹಾಗಂತ ಅಂಗಡಿಯಿಂದ ತಂದು ಮನಸ್ಸಿಗೆ ಬಂದಷ್ಟು ನುಂಗಬೇಡಿ. ತಿಂಗಳುಗಟ್ಟಲೆ ಅತಿಯಾದರೆ ಬಿ6 ಕೂಡ ನರ ಕೆಡಿಸುತ್ತದೆ.

ದೊಡ್ಡಮ್ಮನಿಗೆ ಡಾಕ್ಟರು ಬಿ6 ಹೆಚ್ಚಿಸಿದರು, ಕ್ಷಯದ ಮಾತ್ರೆ ನಿಲ್ಲಿಸಲಿಲ್ಲ. ಉರಿ ಇಳಿಯಲು ವಾರಗಳೇ ಹಿಡಿದವು. ಒಂದು ಬೆಳಿಗ್ಗೆ ಅಂಗಳದಲ್ಲಿ ನಿಂತು ಕೂಗಿದರು: "ಚಪ್ಪಲಿ ಕಳಚಿದ್ದು ಗೊತ್ತಾಯ್ತು ಕಣಪ್ಪ!"