ಹಳೇ ಸ್ಪೋರ್ಟ್ ಕ್ವಾಡ್ ಕೊಂಡಿದ್ದೇನೆ, ಓಡಿಸುವ ಮೊದಲು ಏನೇನು ನೋಡಬೇಕು?

ಪ್ರಶ್ನೆ: ನಾವು ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆ ಹತ್ತಿರ ಇದ್ದೇವೆ. 2002ರ ಹೋಂಡಾ ಟಿಆರ್‌ಎಕ್ಸ್ 400ಇಎಕ್ಸ್ ಎಂಬ ನಾಲ್ಕು ಚಕ್ರದ ಕ್ವಾಡ್ (ಎಟಿವಿ, ಅಂದರೆ ಕಚ್ಚಾ ನೆಲದ ಮೇಲೆ ಓಡಿಸುವ ಗಾಡಿ) ಒಂದನ್ನು ಸೆಕೆಂಡ್ ಹ್ಯಾಂಡ್ ತಗೊಂಡೆ. ಕೆಲವು ವರ್ಷ ಶೆಡ್ಡಿನಲ್ಲೇ ನಿಂತಿತ್ತಂತೆ. ಮಾರಿದವರು ಬ್ಯಾಟರಿ ಹಾಕಿ, ಯಾವುದೋ ಸ್ಪ್ರೇ ಹೊಡೆದು ಸ್ಟಾರ್ಟ್ ಮಾಡಿ ತೋರಿಸಿದರು. ಊರಲ್ಲಿದ್ದಾಗ ಬೈಕಿನ ಸಣ್ಣಪುಟ್ಟ ಕೆಲಸ ನಾನೇ ಮಾಡಿಕೊಳ್ಳುತ್ತಿದ್ದೆ. ಆಯಿಲ್ ಬದಲಿಸಿ ಹೊಸ ಪೆಟ್ರೋಲ್ ಹಾಕಿದರೆ ಸಾಕೇ? ಓಷಿಯಾನೋ ಮರಳು ದಿಬ್ಬಗಳಿಗೆ ಒಯ್ಯಬೇಕೆಂದಿದ್ದೇನೆ. ಹನ್ನೆರಡು ವರ್ಷದ ಮಗ ಹಿಂದೆ ಕೂತು ಬರುತ್ತೇನೆ ಅನ್ನುತ್ತಿದ್ದಾನೆ.

ಉತ್ತರ: ಸಾಲದು. ಮಗನನ್ನು ಹಿಂದೆ ಕೂರಿಸುವುದಂತೂ ಬೇಡವೇ ಬೇಡ, ಅದಕ್ಕೆ ಕಾರಣ ಮುಂದೆ ಹೇಳುತ್ತೇನೆ.

ಹಳೇ ಗಾಡಿ ಕೊಂಡವರೆಲ್ಲ ಮೊದಲು ಕೈಹಾಕುವುದು ಎಂಜಿನ್ನಿಗೆ. ಅದು ಗುಡುಗುಡು ಅಂದ ಕೂಡಲೇ ಗಾಡಿ ತಯಾರಾಯಿತು ಅಂದುಕೊಳ್ಳುತ್ತಾರೆ. ನನ್ನ ಮಟ್ಟಿಗೆ ಅದು ತಲೆಕೆಳಗಾದ ಕ್ರಮ. ನಿಮ್ಮ 400ಇಎಕ್ಸ್‌ನಲ್ಲಿರುವುದು ಎಕ್ಸ್‌ಆರ್400ಆರ್ ಬೈಕಿನ ವಂಶದ 397 ಸಿಸಿ, ಒಂದೇ ಸಿಲಿಂಡರಿನ, ಗಾಳಿಯಿಂದ ತಣಿಯುವ ನಾಲ್ಕು ಸ್ಟ್ರೋಕ್ ಎಂಜಿನ್. 1999ರಲ್ಲಿ ಈ ಕ್ವಾಡ್ ಮಾರುಕಟ್ಟೆಗೆ ಬಂದಾಗಿನಿಂದಲೂ ಗಟ್ಟಿಮುಟ್ಟು ಎಂದೇ ಹೆಸರು. ಎಂಜಿನ್ ಕೈಕೊಟ್ಟರೆ ನೀವು ದಿಬ್ಬದ ಬುಡದಲ್ಲಿ ನಿಂತು ಕಾಯಬೇಕಾದೀತು, ಅಷ್ಟೇ. ಮುಂದಿನ ಚಕ್ರವನ್ನು ಗಾಡಿಗೆ ಹಿಡಿದಿಡುವ ಬಾಲ್ ಜಾಯಿಂಟ್ ಕಳಚಿಕೊಂಡರೆ ಮಾತ್ರ ಆಸ್ಪತ್ರೆಯೇ ಗತಿ. ಹಾಗಾಗಿ ಮೊದಲು ಗಾಡಿಯನ್ನು ನಿಲ್ಲಿಸುವ, ತಿರುಗಿಸುವ, ಹಿಡಿದಿಟ್ಟುಕೊಳ್ಳುವ ಭಾಗಗಳನ್ನು ನೋಡಿ. ಎಂಜಿನ್ನಿನ ಸರದಿ ಆಮೇಲೆ.

ಸ್ಪ್ಯಾನರ್ ಹಿಡಿಯುವ ಮೊದಲು ಒಂದು ಕೆಲಸ ಮುಗಿಸಿ. ಫ್ರೇಮಿನ ಮೇಲೆ ಕೊರೆದ ಹದಿನೇಳು ಅಕ್ಷರದ ವಿಐಎನ್ (ಗಾಡಿಯ ಗುರುತಿನ) ನಂಬರು ಟೈಟಲ್ ಎಂಬ ಮಾಲೀಕತ್ವದ ಕಾಗದದ ಜೊತೆ ಹೊಂದುತ್ತದೆಯೇ ನೋಡಿ. ಹತ್ತನೆಯ ಅಕ್ಷರ ಮಾಡೆಲ್ ವರ್ಷ ಹೇಳುತ್ತದೆ, 2002 ಆದರೆ ಅಲ್ಲಿ 2 ಇರಬೇಕು. ಆ ಜಾಗದಲ್ಲಿ ಉಜ್ಜಿ ಬಣ್ಣ ಬಳಿದ ಗುರುತು ಕಂಡರೆ ದುಡ್ಡು ಸುರಿಯುವುದನ್ನು ಅಲ್ಲಿಗೇ ನಿಲ್ಲಿಸಿ ವಿಚಾರಿಸಿ.

ಈಗ ಗಾಡಿಯ ಹೊಟ್ಟೆಯಡಿ ಜ್ಯಾಕ್ ಕೊಟ್ಟು ಮುಂದಿನ ಚಕ್ರಗಳನ್ನು ನೆಲ ಬಿಡಿಸಿ. ಚಕ್ರದ ನೆತ್ತಿ ಮತ್ತು ತಳ ಹಿಡಿದು ಅಲುಗಾಡಿಸಿ. ಟಕ್ ಟಕ್ ಅಂದರೆ ಬಾಲ್ ಜಾಯಿಂಟ್, ವೀಲ್ ಬೇರಿಂಗ್ ಅಥವಾ ಎ-ಆರ್ಮ್ (ಚಕ್ರವನ್ನು ಫ್ರೇಮಿಗೆ ಸೇರಿಸುವ ತೋಳು) ಬುಷ್ ಸವೆದಿದೆ. ಎಡಬಲ ಹಿಡಿದು ಅಲುಗಿಸಿದಾಗ ಆಟ ಕಂಡರೆ ಹ್ಯಾಂಡಲ್ ತಿರುವನ್ನು ಚಕ್ರಕ್ಕೆ ಮುಟ್ಟಿಸುವ ಟೈ-ರಾಡ್ ತುದಿಗಳ ಮೇಲೆ ಅನುಮಾನ. ನೀವು ಅಲುಗಿಸುತ್ತಿರುವಾಗ ಇನ್ನೊಬ್ಬರು ಒಂದೊಂದೇ ಜಾಯಿಂಟ್ ಮೇಲೆ ಬೆರಳಿಟ್ಟು ನೋಡಲಿ. ಸವೆದದ್ದು ಕಣ್ಣಿಗೆ ಕಾಣುವ ಮೊದಲೇ ಬೆರಳಿಗೆ ತಿಳಿಯುತ್ತದೆ. ರಬ್ಬರ್ ಬೂಟ್ ಹರಿದಿದ್ದರೆ ಒಳಗೆ ಮರಳು ಹೊಕ್ಕಿದೆ ಅಂತಲೇ ಲೆಕ್ಕ, ಈಗ ಆಟ ಇಲ್ಲದಿದ್ದರೂ ಬದಲಿಸಿಬಿಡಿ.

ಹಿಂಭಾಗದಲ್ಲಿ ಹೆಚ್ಚು ಹೊತ್ತು ಕಳೆಯಿರಿ. ಈ ಮಾಡೆಲ್ ಬಲ್ಲವರೆಲ್ಲ ಮೊದಲು ನೋಡುವುದು ಹಿಂದಿನ ಆಕ್ಸಲ್ ಮೇಲೆ ಒಂದಕ್ಕೊಂದು ಬಿಗಿದು ಕೂತಿರುವ ಎರಡು ದೊಡ್ಡ ಲಾಕ್ ನಟ್‌ಗಳನ್ನು. ಕಾಲ ಕಳೆದಂತೆ ಇವು ಸಡಿಲಾಗುತ್ತವೆ. ಆಗ ಆಕ್ಸಲ್ ಆ ಕಡೆಗೊಮ್ಮೆ ಈ ಕಡೆಗೊಮ್ಮೆ ಜಾರತೊಡಗಿ, ಥ್ರೆಡ್ ತಿಂದುಹೋಗಿ, ಹಬ್ ಕೂರುವ ಸ್ಪ್ಲೈನ್ ಹಲ್ಲುಗಳೂ ಸವೆಯುತ್ತವೆ. ಪರೀಕ್ಷೆ ಸುಲಭ: ಹಿಂದಿನ ಒಂದು ಚಕ್ರ ಹಿಡಿದು ಗಾಡಿಯಿಂದ ಹೊರಗೆ ಎಳೆಯಿರಿ, ಮತ್ತೆ ಒಳಗೆ ನೂಕಿ. ಕೂದಲೆಳೆಯಷ್ಟು ಜಾರಿದರೂ ನಟ್ ಬಿಚ್ಚಿ ನೋಡಲೇಬೇಕು. ಥ್ರೆಡ್ ಚೆನ್ನಾಗಿದ್ದರೆ ಎಣ್ಣೆಯ ಅಂಶ ಹೋಗುವಂತೆ ತೊಳೆದು, ಥ್ರೆಡ್ ಲಾಕ್ (ನಟ್ ಸಡಿಲಾಗದಂತೆ ತಡೆಯುವ ಅಂಟು) ಹಚ್ಚಿ, ಸರ್ವೀಸ್ ಮ್ಯಾನುಯಲ್ ಹೇಳುವ ಟಾರ್ಕ್‌ಗೆ ಬಿಗಿಯಿರಿ. ಉಳಿ ಇಟ್ಟು ಸುತ್ತಿಗೆಯಲ್ಲಿ ಬಡಿದು ಬಿಗಿದ ಗುರುತು ಹಳೇ ಕ್ವಾಡ್‌ಗಳಲ್ಲಿ ಬೇಕಾದಷ್ಟು ಸಿಗುತ್ತದೆ. ನಿಮ್ಮದರಲ್ಲೂ ಕಂಡರೆ ಹಿಂದಿನ ಯಜಮಾನರು ಬೇರೆ ಕೆಲಸಗಳನ್ನೂ ಹಾಗೇ ಮಾಡಿರಬಹುದು ಅಂತ ಎಚ್ಚರದಿಂದಿರಿ. ಅದೇ ಚಕ್ರವನ್ನು ಮೇಲೆ ಕೆಳಗೆ ಅಲುಗಿಸಿದರೆ ಆಕ್ಸಲ್ ಬೇರಿಂಗ್, ಸ್ವಿಂಗ್ ಆರ್ಮ್ ಬೇರಿಂಗ್‌ಗಳ ಹಾಡೂ ತಿಳಿಯುತ್ತದೆ.

ಚೈನ್ ಬಗ್ಗೆ ಹೆಚ್ಚು ಹೇಳಬೇಕಿಲ್ಲ, ಬೈಕಿನದೇ ಲೆಕ್ಕ. ಸ್ಪ್ರಾಕೆಟ್ ಹಲ್ಲು ಕೊಕ್ಕೆಯಂತೆ ಬಾಗಿದ್ದರೆ ಚೈನ್, ಎರಡೂ ಸ್ಪ್ರಾಕೆಟ್ ಒಟ್ಟಿಗೇ ಬದಲಿಸಿ. ಆದರೆ ಫ್ರೇಮ್ ತೊಳೆದು, ಎ-ಆರ್ಮ್ ಸೇರುವ ಕಡೆ, ಫುಟ್‌ಪೆಗ್ ಬುಡ, ಸೀಟಿನ ಕೆಳಗಿನ ಸಬ್‌ಫ್ರೇಮ್ ಇಷ್ಟರಲ್ಲಿ ಬಿರುಕು ಇದೆಯೇ ಎಂದು ಟಾರ್ಚ್ ಬೆಳಕಿನಲ್ಲಿ ನೋಡುವುದನ್ನು ತಪ್ಪಿಸಬೇಡಿ. ಹೊಸ ಪ್ಲಾಸ್ಟಿಕ್, ಹೊಸ ಸ್ಟಿಕರ್ ಹಾಕಿದ ಗಾಡಿಯಲ್ಲಿ ಇದು ಇನ್ನೂ ಮುಖ್ಯ. ಮೇಲೆಲ್ಲ ಥಳುಕು, ಒಳಗೆಲ್ಲ ಹುಳುಕು ಎಂಬ ಮಾತು ಇಂಥ ಗಾಡಿಗಳಿಗೆ ತುಂಬ ಸಲ ಸರಿಹೊಂದುತ್ತದೆ.

ಬ್ರೇಕ್: ಮುಂದೆ ಎರಡು ಡಿಸ್ಕ್, ಹಿಂದೆ ಒಂದು, ಎಲ್ಲವೂ ಹೈಡ್ರಾಲಿಕ್. ಬ್ರೇಕ್ ಆಯಿಲ್ ಗಾಳಿಯ ತೇವ ಹೀರುತ್ತದೆ. ವರ್ಷಗಟ್ಟಲೆ ನಿಂತ ಗಾಡಿಯಲ್ಲಿ ಅದು ಕಾಫಿ ಬಣ್ಣಕ್ಕೆ ತಿರುಗಿ, ಕ್ಯಾಲಿಪರ್ ಪಿಸ್ಟನ್ ತುಕ್ಕು ಹಿಡಿದು ಅಂಟಿಕೊಂಡಿರುತ್ತದೆ. ಹಳೆಯದನ್ನು ಪೂರ್ತಿ ಹೊರತೆಗೆದು, ಹೊಸದಾಗಿ ತೆರೆದ ಡಾಟ್ 4 ದರ್ಜೆಯ ಬ್ರೇಕ್ ಆಯಿಲ್ ಹಾಕಿ, ಗಾಳಿ ಗುಳ್ಳೆ ಹೋಗುವವರೆಗೂ ಬ್ಲೀಡ್ ಮಾಡಿ. ಕ್ಯಾಲಿಪರ್ ಜಾರುವ ಪಿನ್‌ಗಳನ್ನು ಬಿಚ್ಚಿ, ಒರೆಸಿ, ಬ್ರೇಕಿಗೆಂದೇ ಬರುವ ಗ್ರೀಸ್ ಹಚ್ಚಿ. ಪ್ಯಾಡ್ ದಪ್ಪ ಇದ್ದರೂ ಎಣ್ಣೆ ಕುಡಿದಿದ್ದರೆ ಉಪಯೋಗವಿಲ್ಲ.

ಇನ್ನು ಆಕ್ಸಿಲರೇಟರ್. ಬೈಕಿನಂತೆ ತಿರುವುವುದಲ್ಲ, ಹೆಬ್ಬೆರಳಿನಿಂದ ಒತ್ತುವುದು. ಎಂಜಿನ್ ಆಫ್ ಇದ್ದಾಗ ಹ್ಯಾಂಡಲ್ ನೇರ ಇಟ್ಟು, ಪೂರ್ತಿ ಎಡಕ್ಕೆ, ಪೂರ್ತಿ ಬಲಕ್ಕೆ ತಿರುಗಿಸಿ, ಮೂರೂ ಕಡೆ ಒತ್ತಿ ಬಿಡಿ. ಬಿಟ್ಟ ತಕ್ಷಣ ಟಪ್ ಅಂತ ವಾಪಸ್ ಬರಬೇಕು. ನಿಧಾನಕ್ಕೆ ಬಂದರೆ, ಎಲ್ಲಾದರೂ ಹಿಡಿದುಕೊಂಡರೆ, ಕೇಬಲ್ ಬದಲಿಸದೆ ಸ್ಟಾರ್ಟ್ ಮಾಡಬೇಡಿ. ಕಿಲ್ ಸ್ವಿಚ್ ಕೆಲಸ ಮಾಡುತ್ತದೆಯೇ ಎಂಬುದನ್ನು ಮೊದಲ ಸಲ ಸ್ಟಾರ್ಟ್ ಆದಾಗಲೇ ಖಾತ್ರಿ ಮಾಡಿಕೊಳ್ಳಿ.

ಈಗ ಎಂಜಿನ್ ಕಡೆ ಬರೋಣ. ಸ್ಪ್ರೇ ಹೊಡೆದು ಸ್ಟಾರ್ಟ್ ಮಾಡಿದರು ಎಂದಿರಲ್ಲ, ಅದರ ಅರ್ಥ ಪೆಟ್ರೋಲ್ ತಾನಾಗಿ ಎಂಜಿನ್ನಿಗೆ ಮುಟ್ಟುತ್ತಿಲ್ಲ. ಮತ್ತೆ ಆ ಸ್ಪ್ರೇ ಮುಟ್ಟಬೇಡಿ, ಅದು ಸಿಲಿಂಡರ್ ಗೋಡೆಯ ಎಣ್ಣೆಯ ಪದರವನ್ನೇ ತೊಳೆದುಹಾಕುತ್ತದೆ. ಕ್ಯಾಲಿಫೋರ್ನಿಯಾದ ಪೆಟ್ರೋಲಿನಲ್ಲಿ ಸಾಮಾನ್ಯವಾಗಿ ಶೇ. 10ರಷ್ಟು ಎಥೆನಾಲ್ ಇರುತ್ತದೆ. ಹಾಗೇ ಬಿಟ್ಟರೆ ತೇವ ಹೀರಿ, ಹಳಸಿ, ಕಾರ್ಬುರೇಟರ್ ತಳದಲ್ಲಿ ಅಂಟಿನಂತೆ ಕೂರುತ್ತದೆ. ಟ್ಯಾಂಕ್ ಪೂರ್ತಿ ಖಾಲಿ ಮಾಡಿ. ಕಾರ್ಬುರೇಟರ್ ಬಿಚ್ಚಿ, ಪೈಲಟ್ ಜೆಟ್ ಎಂಬ, ಪೆಟ್ರೋಲ್ ಹಾಯುವ ಸಣ್ಣ ಹಿತ್ತಾಳೆ ತುಂಡನ್ನು ಹೊರತೆಗೆದು ಬೆಳಕಿಗೆ ಹಿಡಿಯಿರಿ. ಸೂಜಿಮೊನೆಯಷ್ಟು ತೂತಿನಲ್ಲಿ ದುಂಡಗಿನ ಬೆಳಕಿನ ಚುಕ್ಕೆ ಸ್ಪಷ್ಟವಾಗಿ ಕಾಣಬೇಕು. ಮಬ್ಬಾಗಿದ್ದರೆ, ಅರ್ಧಚಂದ್ರದಂತೆ ಕಂಡರೆ ಅದು ಕಟ್ಟಿಕೊಂಡಿದೆ. ಕ್ಲೀನರಿನಲ್ಲಿ ನೆನೆಸಿ ಗಾಳಿ ಹೊಡೆಯಿರಿ. ತಂತಿ ತೂರಿಸಿದರೆ ಹಿತ್ತಾಳೆಯ ತೂತು ಅಗಲವಾಗಿ ಟ್ಯೂನಿಂಗ್ ಕೆಡುತ್ತದೆ, ಅದರ ಬದಲು ಹೊಸ ಜೆಟ್ ತರುವುದೇ ಲೇಸು, ಬೆಲೆಯೂ ಹೆಚ್ಚಿಲ್ಲ.

ಏರ್ ಬಾಕ್ಸ್ ಮುಚ್ಚಳ ತೆಗೆದರೆ ಇಲಿ ಗೂಡು ಸಿಕ್ಕರೂ ಆಶ್ಚರ್ಯವಿಲ್ಲ. ಶೆಡ್ಡಿನಲ್ಲಿ ನಿಂತ ಗಾಡಿ ಅವಕ್ಕೆ ಬಲು ಇಷ್ಟ. ಹಾಗಿದ್ದರೆ ವೈರ್‌ಗಳನ್ನೂ ಕಡಿದಿವೆಯೇ ನೋಡಿ. ಫಿಲ್ಟರ್ ತೆಗೆದು, ಅದರ ಹಿಂದೆ ಎಂಜಿನ್ ಕಡೆಗೆ ಹೋಗುವ ರಬ್ಬರ್ ಕೊಳವೆಯ ಒಳಗೋಡೆಗೆ ಬಿಳಿ ಬಟ್ಟೆ ಸುತ್ತಿದ ಬೆರಳು ಆಡಿಸಿ. ಬಟ್ಟೆಗೆ ಮರಳು ಹತ್ತಿದರೆ ಎಂಜಿನ್ ದೂಳು ತಿಂದಿದೆ. ಪಿಸ್ಟನ್ ರಿಂಗು, ಸಿಲಿಂಡರ್ ಬೇಗ ಸವೆಯುವುದು ಇದರಿಂದಲೇ. ಆಗ ಸಿಲಿಂಡರಿಗೆ ಗಾಳಿ ತುಂಬಿ ಎಷ್ಟು ಸೋರುತ್ತದೆಂದು ನೋಡುವ ಲೀಕ್-ಡೌನ್ ಪರೀಕ್ಷೆ ಮಾಡಿಸಿ. ಈ ಎಂಜಿನ್ನಿನಲ್ಲಿ ಸ್ಟಾರ್ಟ್ ಮಾಡುವಾಗ ಒತ್ತಡ ಇಳಿಸುವ ಡಿಕಂಪ್ರೆಸರ್ ತಾನಾಗಿಯೇ ಕೆಲಸ ಮಾಡುವುದರಿಂದ ಬರೀ ಕಂಪ್ರೆಷನ್ ಗೇಜ್ ಅಂಕಿ ನೋಡಿ ಎಂಜಿನ್ ಹೋಯಿತು ಅಂತ ಗಾಬರಿಯಾಗಬೇಡಿ. ಹಳೇ ಫೋಮ್ ಫಿಲ್ಟರ್ ಹಿಸುಕಿದರೆ ಪುಡಿಯಾಗುತ್ತದೆ. ಹೊಸದು ಹಾಕಿ, ಫಿಲ್ಟರ್ ಎಣ್ಣೆಯಲ್ಲಿ ಅದ್ದಿ ಹಿಂಡಿ ಕೂರಿಸಿ.

ಆಯಿಲ್ ವಿಷಯದಲ್ಲಿ ಬೈಕ್ ಅಭ್ಯಾಸ ಇದ್ದವರೇ ಎಡವುತ್ತಾರೆ. ಇದು ಡ್ರೈ ಸಂಪ್ ಎಂಜಿನ್, ಆಯಿಲ್ ಬೇರೆ ಟ್ಯಾಂಕಿನಲ್ಲಿರುತ್ತದೆ. ನಿಂತ ಗಾಡಿಯಲ್ಲಿ ಅದು ಮೆಲ್ಲಗೆ ಎಂಜಿನ್ ಕೆಳಗಿಳಿದು, ಡಿಪ್‌ಸ್ಟಿಕ್‌ನಲ್ಲಿ ಕಡಿಮೆ ತೋರಿಸುತ್ತದೆ. ಅದನ್ನು ನಂಬಿ ಸುರಿದರೆ ಏರ್ ಬಾಕ್ಸಿಗೆಲ್ಲ ಎಣ್ಣೆ ಉಕ್ಕುತ್ತದೆ. ಹಳೇ ಆಯಿಲ್ ಇಳಿಸುವಾಗ ಟ್ಯಾಂಕ್, ಕ್ರ್ಯಾಂಕ್‌ಕೇಸ್ ಎರಡನ್ನೂ ಖಾಲಿ ಮಾಡಿ. ಹೊಸದು ತುಂಬಿದ ಮೇಲೆ ಕೆಲವು ನಿಮಿಷ ಎಂಜಿನ್ ಐಡಲ್‌ನಲ್ಲಿ ಓಡಿಸಿ, ಆಫ್ ಮಾಡಿ, ಆಗ ಮಟ್ಟ ನೋಡಿ. ಕ್ಲಚ್ ಅದೇ ಎಣ್ಣೆಯಲ್ಲಿ ಮುಳುಗಿರುವುದರಿಂದ ಡಬ್ಬದ ಮೇಲೆ ಜಾಸೊ ಎಂಎ (ಇಂಥ ಕ್ಲಚ್ಚಿಗೆ ಹೊಂದುವ ಆಯಿಲ್ ದರ್ಜೆ) ಎಂದಿರುವ 10ಡಬ್ಲ್ಯು-40 ಬೈಕ್ ಆಯಿಲ್ಲೇ ಬೇಕು. ಕಾರಿನ ಆಯಿಲ್ ಹಾಕಿದರೆ ಕ್ಲಚ್ ಜಾರಬಹುದು. ವಾಲ್ವ್ ಸಂದು ಎಂಜಿನ್ ತಣ್ಣಗಿರುವಾಗ ಇನ್‌ಟೇಕ್ 0.10 ಮಿ.ಮೀ., ಎಕ್ಸಾಸ್ಟ್ 0.12 ಮಿ.ಮೀ. ಇರಲಿ.

ಟೈರ್ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತವೆ, ವಾರ ಮತ್ತು ವರ್ಷ. ಹಲ್ಲು ಚೆನ್ನಾಗಿದ್ದರೂ ರಬ್ಬರ್ ಒಡೆದಿದ್ದರೆ ಬೇಡ. ಗಾಳಿ ಸುಮಾರು 4 ಪಿಎಸ್‌ಐ ಮಾತ್ರ! ಕಾರಿಗೆ ಹಾಕುವ 32ರ ಅಭ್ಯಾಸದಲ್ಲಿ ತುಂಬಿಸಿದರೆ ಗಾಡಿ ಚೆಂಡಿನಂತೆ ಪುಟಿದು ಕೈತಪ್ಪುತ್ತದೆ. ಕಾರಿನ ಗೇಜ್ ಇಷ್ಟು ಕಡಿಮೆ ಒತ್ತಡ ಸರಿಯಾಗಿ ಅಳೆಯದು, ಎಟಿವಿ ಗೇಜ್ ಒಂದು ತಗೊಳ್ಳಿ. ಎಡಬಲ ಚಕ್ರಗಳಲ್ಲಿ ಒಂದೇ ಸಮ ಇರಲಿ, ಇಲ್ಲದಿದ್ದರೆ ಒಂದು ಕಡೆಗೆ ಎಳೆಯುತ್ತದೆ.

ಕ್ಯಾಲಿಫೋರ್ನಿಯಾದ ಸಾರ್ವಜನಿಕ ಜಾಗದಲ್ಲಿ ಓಡಿಸಲು ಆಫ್-ಹೈವೇ (ರಸ್ತೆಯಾಚೆ ಓಡಿಸುವ ಗಾಡಿಯ) ರಿಜಿಸ್ಟ್ರೇಷನ್ನಿನ ಸ್ಟಿಕರ್, ಹೆಲ್ಮೆಟ್, ಸೈಲೆನ್ಸರಿನಲ್ಲಿ ಕಿಡಿ ತಡೆಯುವ ಸ್ಪಾರ್ಕ್ ಅರೆಸ್ಟರ್ ಕಡ್ಡಾಯ. ಶಬ್ದದ ಮಿತಿ 96 ಡೆಸಿಬೆಲ್. ಹಿಂದಿನವರು ಬೇರೆ ಎಕ್ಸಾಸ್ಟ್ ಹಾಕಿಸಿದ್ದರೆ ಇವೆರಡನ್ನೂ ನೋಡಿಕೊಳ್ಳಿ. ಓಷಿಯಾನೋದಲ್ಲಿ ನೆಲದಿಂದ ಎಂಟು ಅಡಿ ಎತ್ತರಕ್ಕೆ ಬಾವುಟವೂ ಬೇಕು. ದಿಬ್ಬದ ಆಚೆಯಿಂದ ಏರಿ ಬರುವವರಿಗೆ ನೀವು ಇದ್ದೀರೆಂದು ತಿಳಿಸುವುದು ಅದೊಂದೇ.

ಇನ್ನು ಮಗನ ಮಾತು. ಸೀಟು ಉದ್ದ ಇದೆ, ಇಬ್ಬರು ಕೂರಬಹುದು ಅನ್ನಿಸುತ್ತದೆ. ನಮ್ಮೂರಲ್ಲಿ ಬೈಕ್ ಮೇಲೆ ಮೂವರು ಹೋಗುವುದು ನೋಡಿ ಬೆಳೆದ ನಮಗಂತೂ ಇದು ದೊಡ್ಡ ವಿಷಯವೇ ಅಲ್ಲ. ಆದರೆ ಆ ಉದ್ದ ಸವಾರ ಹಿಂದೆ ಮುಂದೆ, ಎಡಕ್ಕೆ ಬಲಕ್ಕೆ ಮೈ ಸರಿಸಲು ಇರುವ ಜಾಗ. ಈ ಗಾಡಿ ಮಗುಚದೆ ನಿಲ್ಲುವುದು ಸವಾರನ ಮೈಭಾರ ಸರಿದಾಗಲೇ. ಹಿಂದೆ ಒಬ್ಬರು ಕೂತರೆ ಏರಿನಲ್ಲಿ ಮುಂದಿನ ಚಕ್ರ ಎದ್ದು ಗಾಡಿ ಇಬ್ಬರ ಮೇಲೂ ಬೀಳಬಹುದು. ಅವನೇ ಓಡಿಸುವುದೂ ಬೇಡ. 1988ರಲ್ಲಿ ಅಮೆರಿಕದ ಗ್ರಾಹಕ ಉತ್ಪನ್ನ ಸುರಕ್ಷತಾ ಆಯೋಗ ಮತ್ತು ತಯಾರಕರ ನಡುವೆ ಒಪ್ಪಂದವಾಗಿ ಮೂರು ಚಕ್ರದ ಎಟಿವಿಗಳ ಮಾರಾಟ ನಿಂತಿತು. ದೊಡ್ಡವರ ಗಾತ್ರದ ಕ್ವಾಡ್ 16 ದಾಟಿದವರಿಗೆ ಮಾತ್ರ ಎಂಬ ಎಚ್ಚರಿಕೆಯೂ ಆಗಲೇ ಬಂತು. ಅದಕ್ಕೂ ಮುಂಚೆ ಸತ್ತ, ಗಾಯಗೊಂಡ ಮಕ್ಕಳೇ ಅದಕ್ಕೆ ಕಾರಣ. ಅವನಿಗೆ ಅಷ್ಟು ಆಸೆ ಇದ್ದರೆ ಅವನ ವಯಸ್ಸಿಗೆಂದೇ ಮಾಡಿದ ಚಿಕ್ಕ ಕ್ವಾಡ್ ಮೇಲೆ, ತರಬೇತಿ ಕೊಡುವವರ ಹತ್ತಿರ ಕಲಿಸಿ.

ಮೊದಲ ಸಲ ನೇರ ದಿಬ್ಬಕ್ಕೆ ಒಯ್ಯಬೇಡಿ. ಹತ್ತಿರದ ಆಫ್-ರೋಡ್ ಪಾರ್ಕ್ ಹಾಲಿಸ್ಟರ್ ಹಿಲ್ಸ್‌ನಂಥ ಕಡೆ ಸಮತಟ್ಟು ಜಾಗದಲ್ಲಿ ಮೊದಲೆರಡು ಗೇರಿನಲ್ಲೇ ಓಡಿಸಿ, ಬ್ರೇಕ್ ಹಿಡಿದು, ತಿರುಗಿಸಿ ನೋಡಿ. ಹತ್ತು ಹದಿನೈದು ನಿಮಿಷಕ್ಕೆ ನಿಲ್ಲಿಸಿ, ಪೂರ್ತಿ ತಣ್ಣಗಾಗಲು ಬಿಡಿ. ಆಮೇಲೆ ಚಕ್ರದ ನಟ್‌ಗಳನ್ನೂ ಆಕ್ಸಲ್‌ನ ಆ ಎರಡು ಲಾಕ್ ನಟ್‌ಗಳನ್ನೂ ಮತ್ತೆ ಟಾರ್ಕ್ ರೆಂಚ್ ಹಾಕಿ ಪರೀಕ್ಷಿಸಿ, ಗಾಡಿ ನಿಂತಿದ್ದ ಜಾಗದಲ್ಲಿ ಪೆಟ್ರೋಲ್, ಆಯಿಲ್, ಬ್ರೇಕ್ ಆಯಿಲ್ ಯಾವುದರದಾದರೂ ತೊಟ್ಟು ಬಿದ್ದಿದೆಯೇ ನೋಡಿ. ಎಲ್ಲವೂ ಸರಿಯಿದ್ದರೆ ಓಷಿಯಾನೋಕ್ಕೆ ಹೊರಡಿ.