ದಪ್ಪ, ಓರೆ ಮತ್ತು ಯೂನಿವರ್ಸ್ 66

ಪುಟವಿನ್ಯಾಸ ಕಲಿಯಲು ಬರುವವರಿಂದ ಮೊದಲ ವಾರವೇ ನಾನು ಒಂದು ಕೆಲಸ ಮಾಡಿಸುತ್ತೇನೆ. ಯೂನಿವರ್ಸ್ ಎಂಬ ಫಾಂಟಿನ ದಪ್ಪ ರೂಪವಾದ 65ರಲ್ಲಿ ಇಂಗ್ಲಿಷಿನ 'ಓ' ಬರೆದು, ಸಾಫ್ಟ್‌ವೇರಿನಲ್ಲೇ ಬಲಕ್ಕೆ ವಾಲಿಸಿ. ಅದರ ಪಕ್ಕದಲ್ಲಿ ಅದೇ ಫಾಂಟಿನ ದಪ್ಪ ಓರೆ ರೂಪವಾದ 66ರ 'ಓ' ಇಡಿ. ಈಗ ಎರಡನ್ನೂ ದೊಡ್ಡದು ಮಾಡಿ ನೋಡಿ.

ಸುಮ್ನೆ ವಾಲಿಸಿದ 'ಓ' ಸೊಟ್ಟಗಾಗಿರುತ್ತದೆ. ಮೇಲಿನ ಬಲ ಮೂಲೆ ಮತ್ತು ಕೆಳಗಿನ ಎಡ ಮೂಲೆಯಲ್ಲಿ ಗೆರೆ ಊದಿಕೊಳ್ಳುತ್ತದೆ. ಉಳಿದೆರಡು ಮೂಲೆಗಳಲ್ಲಿ ಸೊರಗುತ್ತದೆ. ತೆಳು ಅಕ್ಷರದಲ್ಲಿ ಇದು ಅಷ್ಟಾಗಿ ಕಾಣದು, ದಪ್ಪ ಅಕ್ಷರದಲ್ಲಿ ಕಣ್ಣಿಗೆ ಹೊಡೆಯುತ್ತದೆ. 66ರಲ್ಲಿ ಆ ಊತವನ್ನು ಕೈಯಿಂದ ತಿದ್ದಿದ್ದಾರೆ. ದಪ್ಪ ಓರೆ ಅಕ್ಷರವನ್ನು ಬೇರೆಯಾಗಿಯೇ ಬರೆಯಬೇಕಾಗುತ್ತದೆ ಎನ್ನುವುದು ಇದಕ್ಕೇ.

ಏಡ್ರಿಯನ್ ಫ್ರುಟಿಗರ್ ಬರೆದ ಯೂನಿವರ್ಸ್ 1957ರಲ್ಲಿ ಪ್ಯಾರಿಸ್‌ನ ಡೆಬರ್ನಿ ಎ ಪೆನ್ಯೋ ಅಕ್ಷರ ಕಾರ್ಖಾನೆಯಿಂದ ಹೊರಬಂತು. ಒಟ್ಟು 21 ರೂಪಗಳು, ಹೆಸರಿನ ಬದಲು ಅಂಕಿಗಳು. ಮೊದಲ ಅಂಕಿ ದಪ್ಪ ಹೇಳುತ್ತದೆ, ಎರಡನೆಯದು ಅಗಲ ಮತ್ತು ಓರೆ. 55 ಮಾಮೂಲಿ, 65 ದಪ್ಪ, 66 ದಪ್ಪ ಮತ್ತು ಓರೆ. ಇಲ್ಲಿ ಅಕ್ಷರದ ಆಕಾರ ಬದಲಾಗುವುದಿಲ್ಲ. ಗಿಲ್ ಸ್ಯಾನ್ಸ್ ಎಂಬ ಫಾಂಟ್ ಹಾಗಲ್ಲ, ಅದರ ಇಟಾಲಿಕ್‌ನಲ್ಲಿ, ಅಂದರೆ ಓರೆ ರೂಪದಲ್ಲಿ, ಇಂಗ್ಲಿಷಿನ ಸಣ್ಣ 'ಎ' (a) ಕೈಬರಹದಂತೆ ಒಂದೇ ಹೊಟ್ಟೆಯದಾಗುತ್ತದೆ. ನನಗೆ ಗಿಲ್‌ನ ದಾರಿಯೇ ಇಷ್ಟ. ಆದರೆ ಶೀರ್ಷಿಕೆಗೆ 66ರ ಗಟ್ಟಿತನ ಬೇಕು.

ದಪ್ಪ ಓರೆಯ ಬಳಕೆ ಎಲ್ಲಿ? ದಪ್ಪ ಶೀರ್ಷಿಕೆಯೊಳಗೆ ಒಂದು ಪುಸ್ತಕದ ಹೆಸರು ಬಂದರೆ ಅದನ್ನು ಬೇರೆ ಮಾಡಿ ತೋರಿಸಲು ಇದೇ ಸರಿ. ಆಟದ ಜೆರ್ಸಿ, ರಿಯಾಯಿತಿ ಚೀಟಿ, ಒಂದು ಸಾಲಿನ ಕರೆ, ಇಲ್ಲೆಲ್ಲ ಚೆನ್ನ. ಅಮೆರಿಕದ ಕಲಾವಿದೆ ಬಾರ್ಬರಾ ಕ್ರೂಗರ್ ಕೆಂಪು ಪಟ್ಟಿಯ ಮೇಲೆ ಬಿಳಿ ಫ್ಯೂಚುರಾ ಬೋಲ್ಡ್ ಒಬ್ಲೀಕ್ (ಫ್ಯೂಚುರಾ ಫಾಂಟಿನ ದಪ್ಪ ಓರೆ ರೂಪ) ಇಟ್ಟರು. ನಾಲ್ಕೈದು ಪದ ಸಾಕು, ನೋಡುವವರು ನಿಂತುಬಿಡುತ್ತಾರೆ. ಇಡೀ ಪ್ಯಾರಾ ಇದರಲ್ಲೇ ಹಾಕಿದರೆ ಕಣ್ಣು ಸೋಲುತ್ತದೆ.

ಕನ್ನಡದ ವಿಷಯ ಬೇರೆ. ನಮ್ಮ ಲಿಪಿಗೆ ಇಟಾಲಿಕ್ ಪರಂಪರೆ ಇಲ್ಲ. ನೋಟೊ ಸ್ಯಾನ್ಸ್ ಕನ್ನಡ ಎಂಬ ಫಾಂಟಿನಲ್ಲಿ 100ರಿಂದ 900ರವರೆಗೆ ದಪ್ಪಗಳಿವೆ, ಓರೆ ಇಲ್ಲ. ಆದರೂ ಇಟಾಲಿಕ್ ಬಟನ್ ಒತ್ತಿದರೆ ಕಂಪ್ಯೂಟರ್ ವಾಲಿಸಿಬಿಡುತ್ತದೆ. ಆಗ ಗುಡಿಸು ಬಲಕ್ಕೆ ಜರುಗುತ್ತದೆ, ಕೆಳಗಿನ ಒತ್ತು ಎಡಕ್ಕೆ. 12 ಡಿಗ್ರಿ ವಾಲಿಸಿದರೆ ಪ್ರತಿ 10 ಮಿಲಿಮೀಟರ್ ಎತ್ತರಕ್ಕೆ ಸುಮಾರು 2 ಮಿಲಿಮೀಟರ್ ಜರುಗುತ್ತದೆ. ಒತ್ತು ತನ್ನ ಅಕ್ಷರವನ್ನು ಬಿಟ್ಟು ಹಿಂದಿನದರ ಕಡೆಗೆ ಸರಿದಂತೆ ಕಾಣುತ್ತದೆ.

ದಪ್ಪವೂ ಜಾಸ್ತಿಯಾದರೆ ಮಹಾಪ್ರಾಣದ ಹೊಟ್ಟೆಯ ಸೀಳು ಮುಚ್ಚಿಹೋಗುತ್ತದೆ. ಒಮ್ಮೆ ತಿದ್ದಲು ನನ್ನ ಬಳಿ ಬಂದ ಫ್ಲೆಕ್ಸ್‌ನಲ್ಲಿ 'ಧನಸಹಾಯ' ಇತ್ತು. ರಸ್ತೆಯ ಆಚೆಯಿಂದ ಅದು 'ದನಸಹಾಯ' ಅಂತಲೇ ಓದಿಸುತ್ತಿತ್ತು. ಕಷ್ಟದಲ್ಲಿದ್ದವರಿಗಾಗಿ ಕಟ್ಟಬೇಕಿದ್ದ ಫ್ಲೆಕ್ಸ್ ಅದು, ಬಹಳ ಬೇಸರವಾಯಿತು. ವಾಲಿಸಿದ್ದನ್ನು ನೆಟ್ಟಗೆ ಮಾಡಿದೆ, ದಪ್ಪ ಒಂದು ಹಂತ ಇಳಿಸಿದೆ, ಆ ಪದಕ್ಕೆ ಮಾತ್ರ ಬಣ್ಣ ಕೊಟ್ಟೆ. ಸೀಳು ಮತ್ತೆ ಕಾಣಿಸಿತು.

ವೆಬ್‌ಸೈಟ್ ಮಾಡುವವರು ಸಿಎಸ್‌ಎಸ್‌ನ (ಪುಟದ ರೂಪ ಹೇಳುವ ಕೋಡ್) 'ಫಾಂಟ್ ಸಿಂಥೆಸಿಸ್' ಆಫ್ ಮಾಡಿದರೆ ಬ್ರೌಸರ್ ತಾನಾಗಿ ಕನ್ನಡವನ್ನು ವಾಲಿಸುವುದು ನಿಲ್ಲುತ್ತದೆ.