ದಪ್ಪ ಮೂಳೆಯ ಆಸೆಗೆ ಸಿರಪ್

ಮಂಡ್ಯ, ಮೈಸೂರು ಕಡೆಯ ನಾಯಿ ಬ್ರೀಡರ್‌ಗಳಿಗೂ ನಮ್ಮಂಥ ಪಶುವೈದ್ಯರಿಗೂ ಲಸಿಕೆ, ಜಂತಿನ ಔಷಧಿ ವಿಷಯದಲ್ಲಿ ಅಷ್ಟೇನೂ ತಕರಾರಿಲ್ಲ. ಜಟಾಪಟಿ ಶುರುವಾಗುವುದು ಊಟದ ವಿಷಯಕ್ಕೆ, ಅದರಲ್ಲೂ ಕ್ಯಾಲ್ಸಿಯಂ ಸಿರಪ್ಪಿಗೆ.

ನಮ್ಮ ಸಲಹೆಯ ಮೇಲೆ ಬ್ರೀಡರ್‌ಗಳಿಗಿರುವ ಅನುಮಾನದಲ್ಲೂ ನ್ಯಾಯವಿದೆ ಅನ್ನಿ. ನಾವೇ ಕೌಂಟರಿನಲ್ಲಿ ಡಾಗ್‌ಫುಡ್ ಚೀಲ ಪೇರಿಸಿಕೊಂಡು 'ಮನೆ ಊಟ ನಿಲ್ಲಿಸಿ' ಅಂದರೆ ಯಾರು ತಾನೇ ನಂಬುತ್ತಾರೆ? ಒಳ್ಳೆಯ ಬ್ರೀಡರ್ ದಿನಾ ಮರಿಗಳನ್ನು ತೂಗಿ ಬರೆದಿಡುತ್ತಾರೆ. ಯಾವ ಮರಿ ಸರಿಯಾಗಿ ಹಾಲು ಕುಡಿಯುತ್ತಿಲ್ಲ ಅನ್ನುವುದು ನನಗಿಂತ ಮೊದಲು ಅವರಿಗೇ ಗೊತ್ತು.

ಸಿರಪ್ಪಿನ ಮಾತು ಬೇರೆ. ಗಿರಾಕಿಗಳು ಮರಿಯ ಮುಂಗಾಲು ಹಿಡಿದು 'ಬೋನ್ ದಪ್ಪ ಇದೆಯಾ' ಅಂತ ನೋಡುತ್ತಾರೆ. ಹಾಗಾಗಿ ರಾಟ್‌ವೀಲರ್, ಗ್ರೇಟ್ ಡೇನ್, ಲ್ಯಾಬ್ ಮರಿಗಳಿಗೆ ಪಪ್ಪಿ ಫುಡ್ ಜೊತೆಗೆ ಸಿರಪ್ಪೂ ಹೋಗುತ್ತದೆ. ಬೆಳೆದ ನಾಯಿಯ ಕರುಳು ಬೇಕಾದಷ್ಟೇ ಕ್ಯಾಲ್ಸಿಯಂ ಹೀರಿಕೊಳ್ಳುತ್ತದೆ. ಎಳೆ ಮರಿಗೆ, ಸುಮಾರು ಆರು ತಿಂಗಳವರೆಗೆ, ಆ ಹಿಡಿತ ಇರುವುದಿಲ್ಲ. ಹೆಚ್ಚು ಕೊಟ್ಟಷ್ಟೂ ಹೆಚ್ಚು ಒಳಗಿಳಿಯುತ್ತದೆ, ಮೃದ್ವಸ್ಥಿ (ಮೆತ್ತನೆಯ ಎಳೆ ಮೂಳೆ) ಗಟ್ಟಿ ಮೂಳೆಯಾಗುವ ಕ್ರಮವೇ ಕೆಡುತ್ತದೆ. ನಾಲ್ಕು ತಿಂಗಳ ಮರಿ ಮುಂಗಾಲಿನ ಗಿಣ್ಣು ಊದಿಸಿಕೊಂಡು, ಪಾದ ಹೊರಕ್ಕೆ ತಿರುಗಿಸಿಕೊಂಡು ಟೇಬಲ್ ಮೇಲೆ ನಿಂತಿರುತ್ತದೆ. ಆಗಲೂ ಕೇಳುವುದು 'ಡೋಸ್ ಜಾಸ್ತಿ ಮಾಡ್ಲಾ ಡಾಕ್ಟ್ರೇ?'

ಪಪ್ಪಿ ಫುಡ್ ಚೀಲದ ಹಿಂಬದಿ ಓದಿ. ದೊಡ್ಡ ತಳಿಯ ಮರಿಗಳ ಆಹಾರದಲ್ಲಿ ಕ್ಯಾಲ್ಸಿಯಂ ಒಣ ತೂಕದ 1.2ರಿಂದ 1.8 ಶೇಕಡಾ ಇದ್ದರೆ ಸಾಕು. ಅದರ ಮೇಲೆ ಒಂದು ಹನಿಯೂ ಬೇಡ.

ಬರೀ ಕೋಳಿ, ಅನ್ನ ಹಾಕುವವರ ಕಥೆ ಉಲ್ಟಾ. ಮೂಳೆಯಿಲ್ಲದ ಕೋಳಿ ಮಾಂಸದಲ್ಲಿ ಕ್ಯಾಲ್ಸಿಯಂಗಿಂತ ರಂಜಕ (ಫಾಸ್ಫರಸ್) ಹತ್ತು ಪಟ್ಟಿಗೂ ಹೆಚ್ಚು. ದೇಹ ಕ್ಯಾಲ್ಸಿಯಂ ಕೊರತೆಯನ್ನು ಮೂಳೆಯಿಂದಲೇ ಕಿತ್ತು ತುಂಬಿಕೊಳ್ಳುತ್ತದೆ. ಜಗಲಿಯಿಂದ ಹಾರಿದರೂ ಕಾಲು ಮುರಿಯುತ್ತದೆ. 'ರಾಗಿ ಮುದ್ದೆ ಹಾಕ್ತೀವಲ್ಲ' ಅನ್ನುತ್ತಾರೆ. 100 ಗ್ರಾಂ ರಾಗಿಯಲ್ಲಿ 340 ಮಿಲಿಗ್ರಾಂ ಆಸುಪಾಸು ಕ್ಯಾಲ್ಸಿಯಂ ಇದೆ ನಿಜ, ಆದರೆ ಅದರಲ್ಲಿರುವ ಫೈಟೇಟ್ ಅನ್ನುವ ವಸ್ತು ಒಂದಷ್ಟನ್ನು ಮೈಗೆ ಹತ್ತದಂತೆ ಹಿಡಿದಿಟ್ಟುಕೊಳ್ಳುತ್ತದೆ. ಈ ಮರಿಗಳಿಗೆ ಕ್ಯಾಲ್ಸಿಯಂ ಬೇಕೇ ಬೇಕು, ತೂಕ ನೋಡಿ ಲೆಕ್ಕ ಹಾಕಿ. ಒಂದು ಮೊಟ್ಟೆಯ ಚಿಪ್ಪಿನಲ್ಲೇ ಸುಮಾರು 2 ಗ್ರಾಂ ಇರುವುದರಿಂದ ಚಿಪ್ಪಿನ ಪುಡಿಯನ್ನೂ ಅಂದಾಜಿಗೆ ಸುರಿಯುವಂತಿಲ್ಲ. ಅದಕ್ಕೇ ಮೊದಲು ತಟ್ಟೆಗೆ ಏನೇನು ಬೀಳುತ್ತದೆ ಅಂತ ಕೇಳುತ್ತೇನೆ. ಬೈಯಲಿಕ್ಕಲ್ಲ, ಮುಚ್ಚಿಡಬೇಡಿ.

ಗಬ್ಬದ ಹೆಣ್ಣುನಾಯಿಗೂ ಸಿರಪ್ ಬೇಡ. ಗಬ್ಬದ 63 ದಿನವೂ ಕ್ಯಾಲ್ಸಿಯಂ ಹೊರಗಿಂದ ಬರುತ್ತಿದ್ದರೆ, ಮೂಳೆಯಿಂದ ಅದನ್ನು ಬಿಡಿಸಬೇಕಾದ ಪ್ಯಾರಾಥೈರಾಯ್ಡ್ ಗ್ರಂಥಿ ಸೋಮಾರಿಯಾಗುತ್ತದೆ. ಮರಿ ಹಾಕಿದ ಮೊದಲ ಕೆಲವು ವಾರಗಳಲ್ಲಿ ಹಾಲು ಉಕ್ಕಿದಾಗ ರಕ್ತದಲ್ಲಿ ಕ್ಯಾಲ್ಸಿಯಂ ಕುಸಿಯುತ್ತದೆ. ಪೊಮೇರಿಯನ್‌ನಂಥ ಪುಟ್ಟ ತಳಿಗಳಲ್ಲಿ ಇದು ಹೆಚ್ಚು. ತಾಯಿ ಏದುಸಿರು ಬಿಡುತ್ತಾ, ಕಾಲು ಸೆಟೆಸಿ ನಡೆಯುತ್ತಾ, ನಡುಗತೊಡಗಿದರೆ ಬಾಯಿಗೆ ಸಿರಪ್ ಹುಯ್ಯುತ್ತಾ ಕೂರಬೇಡಿ. ಮರಿಗಳನ್ನು ಬೇರೆ ಮಾಡಿ, ತಕ್ಷಣ ಕರೆತನ್ನಿ. ರಕ್ತನಾಳಕ್ಕೆ ಕ್ಯಾಲ್ಸಿಯಂ ಹಾಕುವಾಗ ಎದೆಬಡಿತ ಕೇಳಿಸಿಕೊಳ್ಳುತ್ತಾ ನಿಧಾನಕ್ಕೆ ಹಾಕಬೇಕು, ಅವಸರ ಮಾಡಿದರೆ ಹೃದಯವೇ ನಿಲ್ಲಬಹುದು.